ಅಂಥದ್ದೇನು ಚಿಂತೆ ನಿಮಗೆ?

ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಕೇಳುತ್ತಾರೆ. ತರಕಾರಿ ಕೊಳ್ಳುವಲ್ಲಿ ಕೇಳುತ್ತಾರೆ. ಒಮ್ಮೆ ರಾಯಚೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ, ಇನ್ನೂ ಮಾನ್ವಿ ದಾಟಿರಲಿಲ್ಲ, ಪಕ್ಕದಲ್ಲಿ ಕುಳಿತ ಗುರುತಿಲ್ಲದ ಹೆಂಗಸೊಬ್ಬರು ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ ಕೇಳಿದರು: "ರಾತ್ರಿ ನಿದ್ದೆ ಬರುವುದಿಲ್ಲವೇ? ಅಂಥದ್ದೇನು ಚಿಂತೆ ನಿಮಗೆ?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಈ ಪ್ರಶ್ನೆ ಕೇಳುವವರು ಉತ್ತರವನ್ನೂ ತಾವೇ ಕಟ್ಟಿಕೊಂಡು ಬಂದಿರುತ್ತಾರೆ. ನಿದ್ದೆ ಬರುವುದಿಲ್ಲ ಎಂದ ಮೇಲೆ ಚಿಂತೆ ಇರಲೇಬೇಕು, ಅದರ ಹೆಸರು ಹೇಳುವುದಷ್ಟೇ ನನ್ನ ಪಾಲಿನ ಕೆಲಸ. ಸಾಲವೇ? ಗಂಡನ ಕುಡಿತವೇ? ಮಗಳಿಗೆ ವರ ಕೂಡಿಬರಲಿಲ್ಲವೇ? ಯಾವುದೂ ಅಲ್ಲ ಎಂದರೆ ಮುಖ ಸಪ್ಪಗೆ ಮಾಡಿಕೊಂಡು "ಹೇಳುವಂಥದ್ದಲ್ಲದಿದ್ದರೆ ಬೇಡ ಬಿಡಿ" ಎನ್ನುತ್ತಾರೆ. ಇಲ್ಲದ ಗುಟ್ಟೊಂದನ್ನು ನನ್ನ ಸಂಸಾರಕ್ಕೆ ಅಂಟಿಸಿ ಏಳುತ್ತಾರೆ. ಏಳುವಾಗ ಗಾದೆ ಬೇರೆ: "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ."

ನಾನು ಕನ್ನಡ ಶಿಕ್ಷಕಿ. ಹತ್ತನೆಯ ತರಗತಿಯ ಮಕ್ಕಳಿಂದ ಗಾದೆ ವಿಸ್ತರಣೆ ಬರೆಸುತ್ತೇನೆ. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂದು ಅರ್ಧಕ್ಕರ್ಧ ಮಕ್ಕಳು ಶುರುಮಾಡುತ್ತಾರೆ, ನಾನೂ ಅಂಕ ಕೊಡುತ್ತೇನೆ. ಆದರೆ ಈ ಒಂದು ಗಾದೆಯ ಮಟ್ಟಿಗೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ನನಗೆ ಸಂತೆಯಲ್ಲಿ ನಿದ್ದೆ ಬಂದಿದೆ. ಬಾರದಿರುವುದು ಮನೆಯಲ್ಲಿ.

ಎರಡು ವರ್ಷದ ಹಿಂದೆ ಸಿಂಧನೂರಿನಲ್ಲಿ ನಮ್ಮ ಯಜಮಾನರ ಕಡೆಯ ಮದುವೆ. ಹಿಂದಿನ ರಾತ್ರಿಯೇ ಹೋಗಿದ್ದೆವು. ಕಲ್ಯಾಣ ಮಂಟಪದ ಮೇಲಿನ ಸಭಾಂಗಣದಲ್ಲಿ ಉದ್ದಕ್ಕೆ ಜಮಖಾನೆ ಹಾಸಿದ್ದರು. ಮೂವತ್ತು ನಾಲ್ವತ್ತು ಜನ ಹೆಂಗಸರು, ಮಕ್ಕಳು. ಒಂದು ಕೂಸು ಅಳುತ್ತಿತ್ತು, ಕೆಳಗೆ ಅಡುಗೆಯವರು ಬೂಂದಿ ಕರಿಯುತ್ತಿದ್ದರು, ಎಣ್ಣೆಯ ಹೊಗೆ ಕಿಟಕಿಯಿಂದ ನೇರ ಮೇಲೆ ಬರುತ್ತಿತ್ತು. ದಿಂಬು ಸಿಗಲಿಲ್ಲ. ಚೀಲವನ್ನೇ ತಲೆಗೆ ಇಟ್ಟುಕೊಂಡು, ಹೇಗೂ ಎಚ್ಚರವಿರುವವಳು ತಾನೇ ಎಂದು ಬಾಗಿಲ ಬಳಿ ಅಡ್ಡಾದೆ. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಕೆಳಗೆ ವಾದ್ಯ ಬಾರಿಸುತ್ತಿದ್ದರು, ಸುರಗಿಯ ಶಾಸ್ತ್ರ ಅರ್ಧ ಮುಗಿದಿತ್ತು. ಆರು ಗಂಟೆ ಒಂದೇ ಸಮನೆ ಮಲಗಿದ್ದೆ. ಅಂಥ ನಿದ್ದೆ ಕಂಡು ಒಂದು ವರ್ಷದ ಮೇಲಾಗಿತ್ತು.

ಕೆಳಗಿಳಿದು ಬಂದು ಚಹಾದ ಲೋಟ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಕಾಕಾ ಒಬ್ಬರು ಎಲ್ಲರಿಗೂ ಕೇಳುವಂತೆ ಹೇಳಿದರು: "ನಿದ್ದೆ ಬರುವುದಿಲ್ಲ, ನಿದ್ದೆ ಬರುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತೀಯಲ್ಲವ್ವಾ. ಇಲ್ಲಿ ಡೊಳ್ಳು ಬಡಿದರೂ ಎಚ್ಚರವಿಲ್ಲ. ನಿನಗೆ ಬಾರದಿರುವುದು ನಿದ್ದೆಯಲ್ಲ, ಮನೆಗೆಲಸ."

ಸುತ್ತ ಇದ್ದವರು ನಕ್ಕರು. ಲೋಟವನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೊರಗೆ ಬಂದೆ. ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯುವುದು ಹಾಗಿರಲಿ, ಅವರು ಹೇಳಿದ್ದೇ ನಿಜವಿರಬಹುದೇ, ನಾನೇ ನಾಟಕ ಮಾಡುತ್ತಿದ್ದೇನೆಯೇ ಎಂದು ಊರಿಗೆ ಬರುವವರೆಗೂ ಬಸ್ಸಿನಲ್ಲಿ ನನ್ನನ್ನು ನಾನೇ ಕೇಳಿಕೊಂಡೆ. ಈಗ ಉತ್ತರ ಗೊತ್ತಿದೆ. ಕಾಕಾ ಅವರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ನನ್ನ ಅತ್ತೆಯವರಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದವು, ಮಾತು ತೊದಲಿತು. ಹದಿನಾಲ್ಕು ತಿಂಗಳು ಹಾಸಿಗೆಯಲ್ಲಿದ್ದರು. ಹಾಗೆ ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಸೊಂಟದ ಮೂಳೆಯ ಮೇಲೆ, ಹಿಮ್ಮಡಿಯ ಮೇಲೆ ರಕ್ತ ಓಡಾಡದೆ ಚರ್ಮ ಸತ್ತು ಹಾಸಿಗೆ ಹುಣ್ಣಾಗುತ್ತದೆ. ನಮ್ಮ ಯಜಮಾನರು ಬಳ್ಳಾರಿಯಲ್ಲಿ ಕೆಲಸ ಮಾಡುತ್ತಾರೆ, ಶನಿವಾರ ಬಂದು ಸೋಮವಾರ ನಸುಕಿಗೆ ಹೋಗುತ್ತಾರೆ. ಹಗಲಿಗೆ ಒಬ್ಬ ಹೆಂಗಸನ್ನು ಇಟ್ಟುಕೊಂಡಿದ್ದೆವು. ರಾತ್ರಿ ನನ್ನದು. ಮೊಬೈಲಿನಲ್ಲಿ ನಾಲ್ಕು ಅಲಾರಂ: ಹತ್ತು, ಹನ್ನೆರಡು, ಎರಡು, ನಾಲ್ಕು. ಮೊದಲ ತಿಂಗಳು ಅಲಾರಂ ನನ್ನನ್ನು ಎಬ್ಬಿಸುತ್ತಿತ್ತು. ಆಮೇಲೆ ಅದು ಬಡಿಯುವ ಒಂದೆರಡು ನಿಮಿಷ ಮೊದಲೇ ನಾನು ಏಳತೊಡಗಿದೆ. ಹದಿನಾಲ್ಕು ತಿಂಗಳಲ್ಲಿ ಅವರ ಮೈಮೇಲೆ ಒಂದು ಹುಣ್ಣು ಏಳಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಅವರು ತೀರಿಕೊಂಡ ಮೇಲೆ, ದಿನಕರ್ಮಗಳೆಲ್ಲ ಮುಗಿದ ದಿನ, ನಾಲ್ಕೂ ಅಲಾರಂಗಳನ್ನು ಅಳಿಸಿ ಮಲಗಿದೆ. ಹನ್ನೆರಡಕ್ಕೆ ಎಚ್ಚರ. ಎರಡಕ್ಕೆ ಎಚ್ಚರ. ನಾಲ್ಕಕ್ಕೆ ಎಚ್ಚರ.

ಇಲ್ಲಿ ಚಿಂತೆ ಎಲ್ಲಿದೆ, ಹೇಳಿ. ದುಃಖವಿತ್ತು. ಆದರೆ ಎರಡು ಗಂಟೆಗೆ ಕಣ್ಣು ತೆರೆಸುತ್ತಿದ್ದದ್ದು ದುಃಖವಲ್ಲ. ಮೈಗೆ ಒಂದು ಕೆಲಸ ಹೇಳಿಕೊಟ್ಟಿದ್ದೆ. ಇನ್ನು ಬೇಡ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಅದು ಹಾಗೆಯೇ ಬಿಟ್ಟಿದ್ದರೆ ಕೆಲವು ವಾರಗಳಲ್ಲಿ ಇಳಿದೀತು. ನಾನು ಬಿಡಲಿಲ್ಲ. ಹೋದ ನಿದ್ದೆಯನ್ನು ಮರಳಿ ಪಡೆಯಬೇಕೆಂದು ರಾತ್ರಿ ಎಂಟೂವರೆಗೇ ಮಲಗತೊಡಗಿದೆ. ಭಾನುವಾರ ಊಟ ಮಾಡಿ ಎರಡು ತಾಸು ಮಲಗುತ್ತಿದ್ದೆ. ಶಾಲೆಯಲ್ಲಿ ತೂಕಡಿಕೆ ತಡೆಯಲು ಸಂಜೆ ಐದಕ್ಕೆ ಗಟ್ಟಿ ಚಹಾ. ರಾತ್ರಿ ಎಚ್ಚರವಾದಾಗ ಮೊಬೈಲ್ ಎತ್ತಿ ಗಂಟೆ ನೋಡುವುದು, ಬೆಳಗಾಗಲು ಇನ್ನೆಷ್ಟು ಉಳಿಯಿತು ಎಂದು ಲೆಕ್ಕ ಹಾಕುವುದು. ಎದ್ದು ಕುಳಿತರೆ ಬರುವ ನಿದ್ದೆಯೂ ಹೋದೀತೆಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅಲ್ಲೇ ಹೊರಳಾಡುವುದು. ಬಂಧುಗಳು ಹೇಳಿದ್ದನ್ನೂ ಬಿಡಲಿಲ್ಲ. ಗಸಗಸೆ ಪಾಯಸ ಕುಡಿದೆ, ನೆತ್ತಿಗೆ ಹರಳೆಣ್ಣೆ ಒತ್ತಿಸಿಕೊಂಡೆ. ಒಬ್ಬರು ತಮ್ಮ ಮಾತ್ರೆಯಲ್ಲಿ ಅರ್ಧ ಮುರಿದು ಕೊಟ್ಟರು. ದಯವಿಟ್ಟು ಹಾಗೆ ಯಾರಿಗೂ ಕೊಡಬೇಡಿ. ಆ ಜಾತಿಯ ಎಷ್ಟೋ ಮಾತ್ರೆಗಳಿಗೆ ಮೈ ಒಗ್ಗಿಹೋಗುತ್ತದೆ, ಒಗ್ಗಿದ ಮೇಲೆ ಒಮ್ಮೆಗೇ ಬಿಟ್ಟರೆ ಅದೂ ಅಪಾಯ. ಅವು ವೈದ್ಯರ ಚೀಟಿಯ ಮೇಲೆ ಮಾತ್ರ ಬರಬೇಕಾದವು.

ಕೊನೆಗೆ ಮನೋವೈದ್ಯರ ಬಳಿ ಹೋದೆ. ಅದಕ್ಕೂ ಮಾತು ಬಂತು, ಇರಲಿ. ಅವರು ಥೈರಾಯ್ಡ್ ಮತ್ತು ರಕ್ತದಲ್ಲಿನ ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿದರು. ಗೊರಕೆ ಹೊಡೆಯುತ್ತೀರಾ, ಮಲಗಿದಾಗ ಕಾಲು ಜುಮ್ಮೆಂದು ಅಲ್ಲಾಡಿಸಬೇಕೆನಿಸುತ್ತದೆಯೇ ಎಂದು ವಿಚಾರಿಸಿದರು. ವಾರಕ್ಕೆ 3 ರಾತ್ರಿಯಾದರೂ ಹೀಗಾಗಿ, 3 ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ ಎಂದರು. ಚಿಂತೆಯ ಸುದ್ದಿಯನ್ನೇ ಮೊದಲು ಎತ್ತಲಿಲ್ಲ. ಅವರು ಕೇಳಿದ್ದು ಇದು: "ಮೇಡಂ, ನೀವು ಹಾಸಿಗೆಯ ಮೇಲೆ ಒಟ್ಟು ಎಷ್ಟು ಹೊತ್ತು ಇರುತ್ತೀರಿ? ಅದರಲ್ಲಿ ನಿದ್ದೆ ಎಷ್ಟು?"

ಎರಡು ವಾರ ಬರೆದಿಟ್ಟು ತೋರಿಸಿದೆ. ಹಾಸಿಗೆಯ ಮೇಲೆ 9 ಗಂಟೆ. ನಿದ್ದೆ ಹೆಚ್ಚೆಂದರೆ 5.

"ಹಾಗಾದರೆ ದಿನಕ್ಕೆ ನಾಲ್ಕು ಗಂಟೆ ಆ ಹಾಸಿಗೆಯ ಮೇಲೆ ಎಚ್ಚರವಾಗಿರುವುದನ್ನು ನೀವೇ ರೂಢಿ ಮಾಡಿಸುತ್ತಿದ್ದೀರಿ" ಎಂದರು.

ನನಗೆ ಸಿಂಧನೂರಿನ ಜಮಖಾನೆ ಅರ್ಥವಾದದ್ದು ಆ ಕ್ಷಣ. ಮದುವೆಯ ವಿಷಯ ಹೇಳಿದೆ. ಅವರು ನಗಲಿಲ್ಲ. ಇಂಥವರಿಗೆ ಮನೆಗಿಂತ ಹೊರಗೆ ನಿದ್ದೆ ಚೆನ್ನಾಗಿ ಬರುವುದು ಉಂಟು, ಅದು ಈ ತೊಂದರೆಯ ಗುರುತುಗಳಲ್ಲೇ ಒಂದು ಎಂದರು. ನನ್ನ ಕೋಣೆ, ನನ್ನ ಮಂಚ, ಆ ಗೋಡೆ, ಆ ದಿಂಬು ಎಲ್ಲವೂ ಸೇರಿ "ಏಳು, ಹೊತ್ತಾಯಿತು" ಎನ್ನುತ್ತಿದ್ದವು. ಜಮಖಾನೆಗೆ ಆ ಮಾತು ಗೊತ್ತಿರಲಿಲ್ಲ. ಕಾಕಾ, ನಾನು ಅಂದು ಮಲಗಿದ್ದು ನಾಟಕಕ್ಕೆ ಸಾಕ್ಷಿಯಲ್ಲ, ಕಾಯಿಲೆಗೆ ಸಾಕ್ಷಿ.

ಆಮೇಲೆ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ಆರ್ಥರ್ ಸ್ಪೀಲ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1987ರಲ್ಲಿ ಸಂಗಡಿಗರೊಂದಿಗೆ ಬರೆದ ವಿವರಣೆ ನನಗೆ ಎಲ್ಲಕ್ಕಿಂತ ಹಿಡಿಸಿತು. ನಿದ್ದೆ ಕೆಡುವುದಕ್ಕೆ ಮೂರು ಬಗೆಯ ಕಾರಣಗಳು: ಮೊದಲಿನಿಂದ ಮೈಗೂಡಿದ ಸ್ವಭಾವ, ಒಂದು ದಿನ ಬಂದು ಕೆಡಿಸುವ ಘಟನೆ, ಕೆಟ್ಟದ್ದನ್ನು ಕೆಟ್ಟಂತೆಯೇ ಉಳಿಸುವ ರೂಢಿಗಳು. ಜನ ಕೇಳುವುದೆಲ್ಲ ಎರಡನೆಯದನ್ನು. ಒಲೆ ಹೊತ್ತಿಸಿದವರು ಯಾರು ಎಂದು ಹುಡುಕುತ್ತಾರೆ. ಇಷ್ಟು ದಿನ ಕಟ್ಟಿಗೆ ತುರುಕುತ್ತಾ ಬಂದದ್ದು ಎಂಟೂವರೆಗೆ ಮಲಗುವ ನನ್ನ ಆತುರ, ಐದು ಗಂಟೆಯ ಚಹಾ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ, ನಿದ್ದೆಯ ಒತ್ತಡ ಏರುವುದು ಅದರಿಂದ. ಚಹಾದಲ್ಲಿರುವ ಕೆಫೀನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಐದಕ್ಕೆ ಕುಡಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲಿ ಇರುತ್ತದೆ. ಭಾನುವಾರದ ಎರಡು ತಾಸಿನ ನಿದ್ದೆ ಆ ಒತ್ತಡವನ್ನು ಸಂಜೆಗೆ ಮೊದಲೇ ಖರ್ಚು ಮಾಡಿಬಿಡುತ್ತದೆ. ಶಿವರಾತ್ರಿಯ ಜಾಗರಣೆ ಮಾಡಿದವರು ಮರುದಿನ ಕುಳಿತಲ್ಲೇ ಜೋಲಿ ಹೊಡೆಯುತ್ತಾರಲ್ಲ, ಅವರದು ನಿದ್ದೆಯ ಕೊರತೆ. ನನ್ನದು ಹಾಗಲ್ಲ. ಮೈ ಕುಸಿಯುವಷ್ಟು ದಣಿದಿರುತ್ತದೆ, ಮಲಗಿದ ಕೂಡಲೇ ಕಣ್ಣು ನಿಚ್ಚಳವಾಗುತ್ತದೆ.

ರಾಯಚೂರಿನ ಬಿಸಿಲು ಕಾರಣವಲ್ಲವೇ ಎಂದು ಬೆಂಗಳೂರಿನವರು ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಹೌದು. ನಿದ್ದೆಗೆ ಜಾರುವಾಗ ದೇಹದ ಒಳಗಿನ ಶಾಖ ಇಳಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಹಗಲು ಮುಗಿದರೂ ಕಲ್ಲಿನ ಗೋಡೆಗಳು ನಡುರಾತ್ರಿಯವರೆಗೂ ಕಾವು ಬಿಡುತ್ತಲೇ ಇರುತ್ತವೆ. ಹಿರಿಯರು ಮಾಳಿಗೆಯ ಮೇಲೆ ಮಲಗುತ್ತಿದ್ದದ್ದು ಸುಮ್ಮನೆ ಅಲ್ಲ. ಆದರೆ ನನಗೆ ಡಿಸೆಂಬರಿನಲ್ಲೂ ಎರಡಕ್ಕೇ ಎಚ್ಚರ.

ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾದಿರುವ ಪ್ರಶ್ನೆ ಬೇರೆಯೇ ಇದೆ. ಆ ಹದಿನಾಲ್ಕು ತಿಂಗಳು, ನಡುರಾತ್ರಿಯಲ್ಲಿ ಅತ್ತೆ ಸೊಸೆ ಏನು ಮಾತಾಡುತ್ತಿದ್ದಿರಿ? ಇಷ್ಟು ಜನರಲ್ಲಿ ಒಬ್ಬರೂ ಕೇಳಿಲ್ಲ.

ಮಾತಾಡುತ್ತಿದ್ದೆವು. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದು, ಉಪ್ಪು ಖಾರದ ಮಾತು ಬಿಟ್ಟು ಬೇರೆ ಮಾತಾಡದವರು. ಹಗಲು ನೋಡಲು ಬಂದವರ ಮುಂದೆ ತೊದಲಲು ನಾಚಿ ಅವರು ಬಾಯಿ ಮುಚ್ಚಿಯೇ ಇರುತ್ತಿದ್ದರು. ರಾತ್ರಿ ಎರಡಕ್ಕೆ, ಅವರ ಹೆಗಲಿನ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ಕೊಟ್ಟು ನನ್ನ ಕಡೆ ಹೊರಳಿಸಿಕೊಂಡು, ಬೆನ್ನಿಗೆ ದಿಂಬು ಒತ್ತಿ ಕೊಟ್ಟಾಗ, ದೂರದಲ್ಲಿ ಯಾವುದೋ ರೈಲು ಕೂಗುತ್ತಿರುವಾಗ, ನಿಧಾನವಾಗಿ ಕೇಳುತ್ತಿದ್ದರು: "ಯಾವ ಮಳೆ ನಡೆದಿದೆ?" ನನಗೆ ಗೊತ್ತಿರುತ್ತಿರಲಿಲ್ಲ. ಜುಲೈ ಎಂದರೆ ತಲೆ ಅಲ್ಲಾಡಿಸುತ್ತಿದ್ದರು. ಅವರಿಗೆ ಬೇಕಾದದ್ದು ಮಳೆಯ ಹೆಸರು. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂದು ಒಂದೊಂದೇ ಹೇಳಿಸಿದರು. ನಾನು ಮಖೆಯನ್ನು ಆಶ್ಲೇಷಕ್ಕಿಂತ ಮುಂದೆ ತಂದರೆ ಎಡಗೈಯಿಂದ ನನ್ನ ಮೊಣಕೈ ಚಿವುಟುತ್ತಿದ್ದರು. ಹುಬ್ಬೆ, ಉತ್ತರೆ ಕಳೆದು ಹಸ್ತ ಬಂದರೆ ಹಿಂಗಾರಿ ಬಿತ್ತನೆಗೆ ನೆಲ ನೋಡಬೇಕು ಎಂದು ಹೇಳಲು ಅವರಿಗೆ ಐದು ನಿಮಿಷ ಹಿಡಿಯುತ್ತಿತ್ತು. ನಾನು ಕಾಯುತ್ತಿದ್ದೆ. ಕನ್ನಡದಲ್ಲಿ ಎಂ.ಎ. ಮಾಡಿದ ನನಗೆ ಮಳೆ ನಕ್ಷತ್ರಗಳ ಸಾಲು ಬಾಯಿಗೆ ಬಂದದ್ದು ಆ ಕತ್ತಲಲ್ಲಿ, ಮಾತು ಬಿದ್ದುಹೋದ ಹೆಂಗಸಿನಿಂದ. ಅವರು ಹೋದ ಮೇಲೆ ಎರಡು ಗಂಟೆಗೆ ಕಣ್ಣು ತೆರೆದಾಗ ನನ್ನ ಕೈ ಮೊದಲು ಪಕ್ಕದ ಮಂಚದ ಕಡೆ ಚಾಚುತ್ತಿತ್ತು. ಇದನ್ನು ನೀವು ಚಿಂತೆ ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ.

ಈಗ ಮಾಡುತ್ತಿರುವುದನ್ನೂ ಹೇಳಿಬಿಡುತ್ತೇನೆ. ವೈದ್ಯರು ನನ್ನ ಹಾಸಿಗೆಯ ಹೊತ್ತನ್ನೇ ಕತ್ತರಿಸಿದರು. ರಾತ್ರಿ ಹನ್ನೊಂದೂವರೆಗೆ ಮಲಗಬೇಕು, ಬೆಳಿಗ್ಗೆ ಐದಕ್ಕೆ ಏಳಬೇಕು, ನಿದ್ದೆ ಬರಲಿ ಬಾರದಿರಲಿ. ಹಗಲು ಮಲಗಬಾರದು. ಎಚ್ಚರವಾಗಿ ಇಪ್ಪತ್ತು ನಿಮಿಷದಷ್ಟಾಯಿತು ಎನ್ನಿಸಿದರೆ, ಗಡಿಯಾರ ನೋಡದೆ, ಎದ್ದು ಬೇರೆ ಕೋಣೆಗೆ ಹೋಗಬೇಕು. ರೆಪ್ಪೆ ಭಾರವಾದ ಮೇಲೆಯೇ ಮರಳಬೇಕು. ಅಮೆರಿಕದ ವೈದ್ಯರ ಒಂದು ದೊಡ್ಡ ಸಂಘವೂ 2016ರಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಈ ಬಗೆಯ ಚಿಕಿತ್ಸೆಯನ್ನೇ ಕೊಡಬೇಕೆಂದು ಹೇಳಿದೆ. ಕೇಳಲು ಸುಲಭ. ಮೊದಲ ಹತ್ತು ದಿನ ನರಕ. ಆ ದಿನಗಳಲ್ಲಿ ಸ್ಕೂಟರ್ ಮುಟ್ಟಬೇಡಿ ಎಂದಿದ್ದರು, ಮುಟ್ಟಲಿಲ್ಲ. ಮೂರ್ಛೆ ರೋಗದಂಥ ತೊಂದರೆ ಇರುವವರಿಗೆ ಇದು ಆಗಿಬರುವುದಿಲ್ಲ, ಆದ್ದರಿಂದ ಇದನ್ನು ಓದಿ ನೀವೇ ಶುರುಮಾಡಬೇಡಿ. ಮೂರನೆಯ ವಾರದಿಂದ ನಿದ್ದೆ ಗಟ್ಟಿಯಾಯಿತು. ವಾರಕ್ಕೆ 15 ನಿಮಿಷದಂತೆ ಹೊತ್ತು ಸೇರಿಸುತ್ತಾ ಈಗ ಹತ್ತೂವರೆಗೆ ಮಲಗುತ್ತೇನೆ. ಅತ್ತೆಯವರ ಮಂಚವನ್ನು ಕೋಣೆಯಿಂದ ತೆಗೆದು ಪಡಸಾಲೆಯಲ್ಲಿ ಹಾಕಿದ್ದೇವೆ. ಪೂರ್ತಿ ಗುಣವಾಗಿದೆ ಎನ್ನುವುದಿಲ್ಲ. ವಾರದಲ್ಲಿ ಒಂದೆರಡು ಸಲ ಈಗಲೂ ನಡುರಾತ್ರಿ ಎಚ್ಚರವಾಗುತ್ತದೆ. ಎದ್ದು ಪಡಸಾಲೆಗೆ ಹೋಗಿ, ಕುರ್ಚಿಯಲ್ಲಿ ಕುಳಿತು, ಮಕ್ಕಳ ನಿಬಂಧದ ಪುಸ್ತಕ ತಿದ್ದುತ್ತೇನೆ. ಮೂರನೆಯದನ್ನು ತಿದ್ದುವಷ್ಟರಲ್ಲಿ ಆಕಳಿಕೆ ಬರುತ್ತದೆ.

ವೈಶಾಖದಲ್ಲಿ ಮಾನ್ವಿಯಲ್ಲಿ ಇನ್ನೊಂದು ಮದುವೆ ಇದೆ. ಹಿಂದಿನ ರಾತ್ರಿಯೇ ಬರುತ್ತೇನೆ. ಕಾಕಾ, ಬಾಗಿಲ ಬಳಿ ಜಮಖಾನೆಯ ಮೇಲೆ ನಾನು ಮಲಗಿರುವುದು ಕಂಡರೆ ಎಬ್ಬಿಸಬೇಡಿ. ಸುರಗಿಯ ಹೊತ್ತಿಗೆ ನಾನೇ ಏಳುತ್ತೇನೆ.