ರಂಜಾನ್ ರಾತ್ರಿ ಅಷ್ಟು ಹೊತ್ತು ನಿಂತು ಏನು ಕೇಳುತ್ತೀರಿ?

ರಂಜಾನ್ ಬಂತೆಂದರೆ ಬ್ಯಾಡಗಿ ಪೇಟೆಯಲ್ಲಿ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹಮಾಲರು ಕೇಳುತ್ತಾರೆ, ಮೆಣಸಿನಕಾಯಿ ತಂದ ರೈತರು ಕೇಳುತ್ತಾರೆ, ಪಕ್ಕದ ಅಂಗಡಿಯ ಗುಮಾಸ್ತರು ಕೇಳುತ್ತಾರೆ. "ಅಲ್ರೀ, ಹಗಲೆಲ್ಲ ಹನಿ ನೀರು ಕುಡಿಯಂಗಿಲ್ಲ. ರಾತ್ರಿ ಉಂಡು ಮಲಗೋದು ಬಿಟ್ಟು ಮಸೀದ್ಯಾಗ ಅಷ್ಟೊತ್ತು ನಿಂತು ಏನ್ ಕೇಳ್ತೀರಿ? ಅರಬ್ಬಿ ನಿಮಗ ತಿಳಿತೈತೇನು?"

ಇದರಲ್ಲಿ ಎರಡು ಪ್ರಶ್ನೆ ಇವೆ. ಎರಡನೆಯದು ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಇಲ್ಲ, ಪೂರ್ತಿ ತಿಳಿಯುವುದಿಲ್ಲ. ನಮ್ಮ ಮನೆಮಾತು ದಖನಿ ಉರ್ದು, ಪೇಟೆಯ ಮಾತು ಕನ್ನಡ. ಅರಬ್ಬಿ ಅಕ್ಷರ ಓದುವುದನ್ನು ಚಿಕ್ಕಂದಿನಲ್ಲಿ ಕಲಿತಿದ್ದೇವೆ, ಅರ್ಥ ಮಾಡಿಕೊಳ್ಳುವಷ್ಟು ಕಲಿತವರು ಕಡಿಮೆ. ಅದಕ್ಕೆ ಆ ರಾತ್ರಿ ಓದುವ ಭಾಗವನ್ನು ನಾನು ಹಗಲೇ ಕನ್ನಡ ಅನುವಾದದಲ್ಲಿ ಓದಿಕೊಂಡು ಹೋಗುತ್ತೇನೆ. ಊಟದ ಬಿಡುವಿನಲ್ಲಿ ಹೇಗೂ ಊಟ ಇಲ್ಲವಲ್ಲ. ರಾತ್ರಿ ಸಾಲಿನಲ್ಲಿ ನಿಂತಾಗ ಮೂಸಾ, ಫಿರೌನ್, ಮರ್ಯಮ್, ಯೂಸುಫ್ ಅಂತ ಹೆಸರು ಕಿವಿಗೆ ಬಿದ್ದರೆ ಸಾಕು, ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ಕೆಲವು ಮಸೀದಿಗಳಲ್ಲಿ ನಮಾಜ್ ಮುಗಿದ ಮೇಲೆ ಅಂದು ಓದಿದ್ದರ ಖುಲಾಸಾ, ಅಂದರೆ ಸಾರಾಂಶ, ಅಂತ ಹತ್ತು ನಿಮಿಷ ಉರ್ದುವಿನಲ್ಲಿ ಹೇಳುತ್ತಾರೆ. ಇದು ಎಲ್ಲ ಕಡೆ ಬರಬೇಕು, ಕನ್ನಡದಲ್ಲೂ ಬರಬೇಕು ಅನ್ನುವುದು ನನ್ನ ಆಸೆ.

ಇನ್ನು ಮೊದಲ ಪ್ರಶ್ನೆ. ರಂಜಾನ್ ತಿಂಗಳಲ್ಲಿ ರಾತ್ರಿಯ ಇಶಾ ನಮಾಜ್ ಆದ ಮೇಲೆ ಮಾಡುವ ನಮಾಜ್‌ಗೆ ತರಾವೀಹ್ ಅನ್ನುತ್ತಾರೆ. ನಮ್ಮ ಕಡೆ ಹೆಚ್ಚಿನ ಮಸೀದಿಗಳಲ್ಲಿ 20 ರಕಾತ್, ಎರಡೆರಡರಂತೆ. ನಿಂತು, ಬಾಗಿ, ಹಣೆ ನೆಲಕ್ಕೆ ಹಚ್ಚುವ ಒಂದು ಸುತ್ತಿಗೆ ಒಂದು ರಕಾತ್ ಅನ್ನುತ್ತೇವೆ. 8 ರಕಾತ್ ಮಾಡುವವರೂ ಇದ್ದಾರೆ. ಪ್ರತಿ ನಾಲ್ಕು ರಕಾತ್‌ಗೆ ಒಮ್ಮೆ ಸ್ವಲ್ಪ ಕೂತು ದಣಿವಾರಿಸಿಕೊಳ್ಳುತ್ತೇವೆ. ಕುರ್‌ಆನ್‌ನಲ್ಲಿ 114 ಸೂರಾ, ಅಂದರೆ ಅಧ್ಯಾಯಗಳಿವೆ. ಓದಲು ಅನುಕೂಲ ಆಗಲಿ ಅಂತ ಅದನ್ನು 30 ಪಾರಾ, ಅಂದರೆ ಭಾಗ, ಮಾಡಿದ್ದಾರೆ. ಇದನ್ನು ಪೂರ್ತಿ ಬಾಯಿಪಾಠ ಮಾಡಿದವರಿಗೆ ಹಾಫಿಜ್ ಅನ್ನುತ್ತೇವೆ. ತರಾವೀಹ್ ನಮಾಜ್ ಮಾಡಿಸುವ ಹಾಫಿಜ್ ಸಾಬ್ ಇಷ್ಟನ್ನೂ ಪುಸ್ತಕ ಹಿಡಿಯದೆ, ಬಾಯಿಪಾಠವಾಗಿ ಓದುತ್ತಾರೆ. ಅವರ ಹಿಂದೆ ಇನ್ನೊಬ್ಬ ಹಾಫಿಜ್ ನಿಂತಿರುತ್ತಾರೆ. ಒಂದು ಅಕ್ಷರ ತಪ್ಪಿದರೂ ಹಿಂದಿನಿಂದ ತಿದ್ದುತ್ತಾರೆ, ಅದಕ್ಕೆ ಲುಕ್ಮಾ ಕೊಡುವುದು ಅನ್ನುತ್ತೇವೆ. ಮೊದಮೊದಲು ದಿನಕ್ಕೆ ಸವಾ, ಅಂದರೆ ಒಂದೂಕಾಲು, ಪಾರಾ ಓದಿ, ಆಮೇಲೆ ಒಂದೊಂದೇ ಪಾರಾಕ್ಕೆ ಇಳಿದು, 27ನೇ ರಾತ್ರಿಗೆ ಖತಂ ಮಾಡುವುದು ಎಷ್ಟೋ ಮಸೀದಿಗಳ ರೂಢಿ.

ಈಚಿನ ವರ್ಷಗಳಲ್ಲಿ ರಂಜಾನ್ ಮೆಣಸಿನಕಾಯಿ ಸೀಜನ್‌ನಲ್ಲೇ ಬರುತ್ತಿದೆ. 2025ರಲ್ಲಿ ಬಂದಿದ್ದು ಮಾರ್ಚ್‌ನಲ್ಲಿ, ಕಡ್ಡಿ, ಡಬ್ಬಿ ಚೀಲಗಳ ರಾಶಿ ನಡುವೆ. ಚಂದ್ರನ ಲೆಕ್ಕ ಆದ್ದರಿಂದ ವರ್ಷವರ್ಷವೂ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ವ್ಯಾಪಾರ ಜೋರಿರುವ ಊರುಗಳಲ್ಲಿ ಕೆಲವರು ದಿನಕ್ಕೆ ಮೂರು ಪಾರಾದಂತೆ ಹತ್ತೇ ದಿನದಲ್ಲಿ ಮುಗಿಸುವ ತರಾವೀಹ್‌ಗೆ ಹೋಗುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ನಿಧಾನವಾಗಿ, ಬಿಡಿಸಿ ಬಿಡಿಸಿ ಓದು ಅಂತ 73ನೇ ಸೂರಾದಲ್ಲೇ ಇದೆ. ಓದುವವರು ಓಡಿದರೆ ಕೇಳುವವರಿಗೆ ಸಿಗುವುದೇನು?

ನಾನು ಮಂಡಿಯಲ್ಲಿ ಲೆಕ್ಕ ಬರೆಯುವವನು. ಅದಕ್ಕೋ ಏನೋ, ಎಲ್ಲರೂ 27ನೇ ರಾತ್ರಿಗೆ ಕಾಯುತ್ತಿದ್ದರೆ ನಾನು ಎರಡನೇ ರಾತ್ರಿಗೆ ಕಾಯುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಎರಡನೆಯ ಸೂರಾ, ಅಲ್ ಬಕರಾ, ಎಲ್ಲಕ್ಕಿಂತ ಉದ್ದದ್ದು. 286 ಆಯತ್, ಅಂದರೆ ವಚನ. ಅದರ 183ರಿಂದ 187ರವರೆಗೆ ಉಪವಾಸದ ಮಾತು ಬರುತ್ತದೆ. ನಿಮಗಿಂತ ಹಿಂದಿನವರಿಗೂ ಉಪವಾಸ ವಿಧಿಸಿತ್ತು, ನಿಮಗೂ ವಿಧಿಸಿದೆ. ಕಾಯಿಲೆಯವರು, ಪ್ರಯಾಣದಲ್ಲಿರುವವರು ಬೇರೆ ದಿನ ಮಾಡಿಕೊಳ್ಳಲಿ. ದೇವರು ನಿಮಗೆ ಸುಲಭ ಬಯಸುತ್ತಾನೆ, ಕಷ್ಟ ಬಯಸುವುದಿಲ್ಲ. ಬೆಳಗಿನ ಬಿಳಿ ಗೆರೆ ಕಾಣುವವರೆಗೆ ತಿನ್ನಿ, ಕುಡಿಯಿರಿ, ಆಮೇಲೆ ರಾತ್ರಿವರೆಗೆ ಉಪವಾಸ. ಇದೆಲ್ಲ ಮುಗಿದ ಮರುಕ್ಷಣವೇ, 188ರಲ್ಲಿ, ಏನು ಬರುತ್ತದೆ ಗೊತ್ತಾ? ಒಬ್ಬರ ಆಸ್ತಿಯನ್ನು ಒಬ್ಬರು ಅನ್ಯಾಯವಾಗಿ ತಿನ್ನಬೇಡಿ, ಜನರ ಸೊತ್ತು ನುಂಗಲಿಕ್ಕೆ ಅಧಿಕಾರಿಗಳ ಬಳಿ ಹಣ ಒಯ್ಯಬೇಡಿ.

ಅಂದರೆ ಹಗಲು ರೊಟ್ಟಿ ತಿನ್ನಬೇಡ ಅಂದ ಬಾಯಿಯಲ್ಲೇ ಲಂಚ ತಿನ್ನಿಸಬೇಡ ಅನ್ನುತ್ತದೆ. ರೊಟ್ಟಿಯ ನಿಷೇಧ ಸೂರ್ಯ ಮುಳುಗುವವರೆಗೆ ಮಾತ್ರ. ಇದಕ್ಕೆ ಅಂಥ ವಾಯಿದೆ ಇಲ್ಲ.

ಸವಾ ಪಾರಾದ ಲೆಕ್ಕದಲ್ಲಿ ಅದೇ ರಾತ್ರಿ, ಇನ್ನೂ ಮುಂದೆ, ಸಾಲದ ಮಾತು ಬರುತ್ತದೆ. ಬಡ್ಡಿ ಬೇಡ ಅನ್ನುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೇ 280ರಲ್ಲಿ ಇನ್ನೊಂದು ಮಾತಿದೆ, ಅದನ್ನು ಹೇಳುವವರು ಕಡಿಮೆ. ಸಾಲ ತಗೊಂಡವನು ಕಷ್ಟದಲ್ಲಿದ್ದರೆ, ಕೈಗೆ ಬರುವವರೆಗೆ ಕಾಯಿರಿ. ಬಿಟ್ಟುಕೊಟ್ಟರೆ ನಿಮಗೇ ಒಳ್ಳೆಯದು. ಮಳೆ ಕೈಕೊಟ್ಟ ವರ್ಷ ಈ ಮಾತು ಕೇಳುವಾಗ ಸಾಲಿನಲ್ಲಿ ನಿಂತ ಕೆಲವು ವ್ಯಾಪಾರಿಗಳ ಮುಖ ನೋಡಬೇಕು ಅನ್ನಿಸುತ್ತದೆ. ಆದರೆ ನಮಾಜ್‌ನಲ್ಲಿ ಅತ್ತಿತ್ತ ನೋಡುವ ಹಾಗಿಲ್ಲ.

ಆಮೇಲೆ ಬರುತ್ತದೆ ನಮ್ಮ ಆಯತ್, 282. "ನಮ್ಮ" ಅಂದರೆ ಗುಮಾಸ್ತರದು. ಇಡೀ ಕುರ್‌ಆನ್‌ನಲ್ಲಿ ಎಲ್ಲಕ್ಕಿಂತ ಉದ್ದದ ಆಯತ್ ಯಾವುದು ಅಂದರೆ ಸ್ವರ್ಗದ ಬಗ್ಗೆ ಅಲ್ಲ, ನರಕದ ಬಗ್ಗೆಯೂ ಅಲ್ಲ. ಸಾಲದ ಲೆಕ್ಕ ಬರೆದಿಡುವ ಬಗ್ಗೆ. ಗಡುವಿಟ್ಟು ಸಾಲ ಮಾಡಿದರೆ ಬರೆದಿಡಿ. ಬರೆಯುವವನು ನ್ಯಾಯವಾಗಿ ಬರೆಯಲಿ. ಬರೆಯಲು ಬಲ್ಲವನು ಬರೆಯಲಾರೆ ಅನ್ನಬಾರದು, ಆ ವಿದ್ಯೆ ಅವನಿಗೆ ಕೊಟ್ಟಿದ್ದು ದೇವರೇ. ಏನು ಬರೆಯಬೇಕು ಅಂತ ಹೇಳಬೇಕಾದವನು ಸಾಲ ಕೊಟ್ಟವನಲ್ಲ, ತಗೊಂಡವನು. ಅವನಿಗೆ ಹೇಳಲು ಶಕ್ತಿ ಇಲ್ಲದಿದ್ದರೆ ಅವನ ಪರವಾಗಿ ಅವನ ಪೋಷಕ ಹೇಳಲಿ. ಸಾಕ್ಷಿ ಇರಲಿ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರ ಪಡಬೇಡಿ. ಕೈಯಿಂದ ಕೈಗೆ ನಡೆಯುವ ನಗದು ವ್ಯಾಪಾರವಾದರೆ ಬರೆಯದಿದ್ದರೂ ನಡೆಯುತ್ತದೆ. ಕೊನೆಗೆ, ಬರೆದವನಿಗೂ ಸಾಕ್ಷಿಗೂ ಯಾರೂ ತೊಂದರೆ ಕೊಡಬಾರದು.

ಸಾಲ ತಗೊಂಡವನ ಬಾಯಿಂದಲೇ ಲೆಕ್ಕ ಬರೆಸು ಅನ್ನುವುದು ಸಣ್ಣ ಮಾತಲ್ಲ. ಹಣ ಕೊಟ್ಟವನ ಕೈ ಹೇಗೂ ಮೇಲಿರುತ್ತದೆ. ಪೆನ್ನೂ ಅವನ ಕಡೆಯೇ ಇದ್ದರೆ ಇವನ ಗತಿ ಏನು? ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡ ಕತೆಗಳನ್ನು ನಾವೆಲ್ಲ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಈ ಮಾತು ಬಂದದ್ದು ಏಳನೇ ಶತಮಾನದ ಮದೀನಾದಲ್ಲಿ.

ಇದೇ ದಾರಿ ಮುಂದೆ ಎಷ್ಟೋ ರಾತ್ರಿ ಮತ್ತೆ ಮತ್ತೆ ಸಿಗುತ್ತದೆ. ಮದ್ಯನ್ ಅನ್ನುವ ಜನ, ಅವರ ಪ್ರವಾದಿ ಶುಐಬ್(ಅ). ಒಬ್ಬನೇ ದೇವರನ್ನು ಪೂಜಿಸಿ ಅಂತ ಹೇಳಿದ ಬೆನ್ನಿಗೇ ಅವರು ಹೇಳುವ ಮಾತು: ಅಳತೆ ತೂಕ ಸರಿಯಾಗಿ ಕೊಡಿ, ಜನರ ವಸ್ತುವಿಗೆ ಬೆಲೆ ಕಡಿಮೆ ಮಾಡಬೇಡಿ. 7ನೇ ಸೂರಾದಲ್ಲಿ ಬರುತ್ತಾರೆ, 11ರಲ್ಲಿ ಬರುತ್ತಾರೆ, 26ರಲ್ಲೂ ಬರುತ್ತಾರೆ. 11ನೇ ಸೂರಾದಲ್ಲಿ ಮದ್ಯನ್ ಜನ ಅವರಿಗೆ ತಿರುಗಿ ಕೇಳುತ್ತಾರೆ. ನಮ್ಮ ಹಿರಿಯರು ಪೂಜಿಸಿದ್ದನ್ನು ಬಿಡಬೇಕು, ನಮ್ಮ ದುಡ್ಡನ್ನು ನಮಗೆ ಬೇಕಾದ ಹಾಗೆ ಮಾಡಬಾರದು ಅಂತ ನಿನ್ನ ನಮಾಜ್ ನಿನಗೆ ಹೇಳಿಕೊಡುತ್ತಾ?

ವ್ಯಂಗ್ಯವಾಗಿ ಕೇಳಿದ್ದು. ನಮಾಜ್‌ಗೂ ತಕ್ಕಡಿಗೂ ಏನು ಸಂಬಂಧ ಅಂತ. ಈಗಲೂ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಕೇಳುತ್ತೇವೆ, ಧರ್ಮ ಬೇರೆ ದಂಧೆ ಬೇರೆ ಅಂತ. ನಮ್ಮವರೇ ಹೇಳುತ್ತಾರೆ. ಕಾಯಿಗೆ ನೀರು ಹೊಡೆದು ತೂಕ ಏರಿಸುವವರು ಯಾವ ಪೇಟೆಯಲ್ಲಿ ಇಲ್ಲ? ಚೀಲಕ್ಕಿಷ್ಟು ಅಂತ ಸುಮ್ನೆ ಮುರಿದುಕೊಳ್ಳುವವರು ಎಲ್ಲಿಲ್ಲ? 83ನೇ ಸೂರಾ ಶುರುವಾಗುವುದೇ ಇಂಥವರ ಮೇಲೆ. ತಾವು ತಗೊಳ್ಳುವಾಗ ಪೂರ್ತಿ ಅಳೆದುಕೊಳ್ಳುತ್ತಾರೆ, ಕೊಡುವಾಗ ಕಡಿಮೆ ತೂಗುತ್ತಾರೆ, ಅವರಿಗೆ ಕೇಡು. 55ನೇ ಸೂರಾದಲ್ಲಂತೂ, ಅದು ಸೂರಾ ರಹ್ಮಾನ್, ಆಕಾಶ ಎತ್ತಿ ನಿಲ್ಲಿಸಿದ್ದನ್ನೂ ತಕ್ಕಡಿ ಇಟ್ಟಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ನಿಮ್ಮ ಪ್ರಭುವಿನ ಯಾವ ಅನುಗ್ರಹವನ್ನು ಸುಳ್ಳೆನ್ನುತ್ತೀರಿ ಅನ್ನುವ ಸಾಲು ಅದರಲ್ಲಿ 31 ಸಲ ಮರಳಿ ಬರುತ್ತದೆ. ಅರಬ್ಬಿ ಬಾರದವರೂ ಆ ಸಾಲನ್ನು ಗುರುತು ಹಿಡಿಯುತ್ತಾರೆ.

ಇಷ್ಟು ಹೇಳಿದೆ ಅಂತ ಕುರ್‌ಆನ್ ಅಂದರೆ ವ್ಯಾಪಾರದ ಪುಸ್ತಕ ಅಂದುಕೊಳ್ಳಬೇಡಿ. ದೇವರು ಒಬ್ಬನೇ, ಸತ್ತ ಮೇಲೆ ಎದ್ದು ನಿಂತು ಲೆಕ್ಕ ಒಪ್ಪಿಸಬೇಕು ಅನ್ನುವುದೇ ಎಲ್ಲಕ್ಕಿಂತ ಜಾಸ್ತಿ ಬರುವ ಮಾತು. ಹಿಂದಿನ ಪ್ರವಾದಿಗಳ ಕತೆಗಳು ಬರುತ್ತವೆ. ಮೂಸಾ ಅವರದು ಎಷ್ಟು ಸಲ ಬರುತ್ತದೆ ಅಂದರೆ, ಇವತ್ತು ಯಾವ ಪಾರಾ ಅಂತ ಗೊತ್ತಿಲ್ಲದಿದ್ದರೂ ಮೂಸಾ ಬರುತ್ತಾರೆ ಅಂತ ಧೈರ್ಯವಾಗಿ ಹೇಳಬಹುದು. ಯೂಸುಫ್ ಕತೆ ಮಾತ್ರ ಒಂದೇ ಸೂರಾದಲ್ಲಿ, ಶುರುವಿನಿಂದ ಕೊನೆವರೆಗೆ ಇದೆ. ಅಣ್ಣಂದಿರು ಬಾವಿಗೆ ತಳ್ಳಿದ ಹುಡುಗ ಮುಂದೆ ಈಜಿಪ್ಟಿನ ಕಣಜ ನೋಡಿಕೊಳ್ಳುವ ಅಧಿಕಾರಿಯಾಗುತ್ತಾನೆ. ಏಳು ವರ್ಷ ಬೆಳೆಯಿರಿ, ತಿನ್ನುವಷ್ಟು ಬಿಟ್ಟು ಉಳಿದದ್ದನ್ನು ತೆನೆಯಲ್ಲೇ ಇಡಿ, ಮುಂದೆ ಏಳು ವರ್ಷ ಬರ ಇದೆ ಅಂತ ಹೇಳಿದವನು ಅವನೇ. ಹಗೇವಿನಲ್ಲಿ ಜೋಳ ಇಟ್ಟು ಬರ ದಾಟಿದ ನಮ್ಮ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಕಾಳು ಕೇಳಿಕೊಂಡು ಬಂದ ಅದೇ ಅಣ್ಣಂದಿರಿಗೆ, ಇವತ್ತು ನಿಮ್ಮ ಮೇಲೆ ಯಾವ ದೂರೂ ಇಲ್ಲ ಅನ್ನುತ್ತಾನೆ.

ಯುದ್ಧದ ಆಯತ್‌ಗಳೂ ಬರುತ್ತವೆ. ಇದನ್ನೂ ಕೇಳುತ್ತಾರೆ, ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ. 8 ಮತ್ತು 9ನೇ ಸೂರಾಗಳಲ್ಲಿ ಅವು ಜಾಸ್ತಿ. 8ರ ಹಿನ್ನೆಲೆ 624ರ ಬದ್ರ್ ಯುದ್ಧ, 9ರ ಶುರುವಿನಲ್ಲಿ ಇರುವುದು ಒಪ್ಪಂದ ಮುರಿದವರ ಮಾತು. ಅವರು ಶಾಂತಿಗೆ ಒಲಿದರೆ ನೀನೂ ಒಲಿ ಅಂತ 8ರ 61ರಲ್ಲಿದೆ. ಎದುರು ಪಕ್ಷದವನೊಬ್ಬ ಆಶ್ರಯ ಕೇಳಿ ಬಂದರೆ ಕೊಡು, ಆಮೇಲೆ ಅವನಿಗೆ ಭಯವಿಲ್ಲದ ಜಾಗಕ್ಕೆ ಮುಟ್ಟಿಸು ಅಂತ 9ರ 6ರಲ್ಲಿದೆ. ಮೊಬೈಲ್‌ನಲ್ಲಿ ಒಂದು ಸಾಲು ಕತ್ತರಿಸಿ ಕಳಿಸುವವರು ಮುಂದಿನ ಸಾಲು ಕಳಿಸುವುದಿಲ್ಲ. ತರಾವೀಹ್‌ನಲ್ಲಿ ಆ ಸೌಲಭ್ಯ ಇಲ್ಲ. ಹಿಂದಿನದು ಮುಂದಿನದು ಎಲ್ಲ ಕೇಳಲೇಬೇಕು.

ಕೊನೆಯ ಪಾರಾಕ್ಕೆ ಬಂದರೆ ಸೂರಾಗಳು ಪುಟ್ಟದಾಗುತ್ತವೆ, ಮಾತು ಚುರುಕಾಗುತ್ತದೆ. 80ನೇ ಸೂರಾ ನನಗೆ ಪ್ರತಿ ವರ್ಷವೂ ಆಶ್ಚರ್ಯ ತರುತ್ತದೆ. ಪ್ರವಾದಿ ಮುಹಮ್ಮದ್(ಸ) ಅವರು ಮಕ್ಕಾದ ದೊಡ್ಡ ಮನುಷ್ಯರ ಜೊತೆ ಮಾತಾಡುತ್ತಿದ್ದಾಗ ಒಬ್ಬ ಕುರುಡರು ಬಂದು ಏನೋ ಕೇಳುತ್ತಾರೆ. ಪ್ರವಾದಿಯವರು ಮುಖ ಗಂಟಿಕ್ಕಿ ಬೇರೆ ಕಡೆ ತಿರುಗುತ್ತಾರೆ. ಕಣ್ಣಿಲ್ಲದವರಿಗೆ ಆ ಮುಖ ಕಂಡಿರಲಿಕ್ಕಿಲ್ಲ. ಆದರೆ ದೇವರು ಸ್ವತಃ ಪ್ರವಾದಿಯನ್ನೇ ಆಕ್ಷೇಪಿಸುತ್ತಾನೆ, ತನಗೇನೂ ಬೇಕಿಲ್ಲ ಅನ್ನುವವನ ಕಡೆ ಗಮನ ಕೊಡುತ್ತೀ, ಆಸೆಯಿಂದ ಓಡಿ ಬಂದವನನ್ನು ಕಡೆಗಣಿಸುತ್ತೀ ಅಂತ. ಆ ಆಕ್ಷೇಪ ಮುಚ್ಚಿಡಲಿಲ್ಲ, ಗ್ರಂಥದಲ್ಲೇ ಉಳಿಯಿತು, ವರ್ಷವರ್ಷವೂ ಮಸೀದಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಲಾರಿ ಲೋಡು ತಂದವರಿಗೆ ಚಹಾ ತರಿಸಿ, ಎರಡು ಚೀಲದವನನ್ನು ಬಾಗಿಲಲ್ಲೇ ನಿಲ್ಲಿಸುವ ಯಾವ ಅಂಗಡಿಗಾದರೂ ಇದು ತಾಗಬೇಕು. ನಾವೂ ಅದರಲ್ಲಿ ಇದ್ದೇವೆ.

81ರಲ್ಲಿ, ಜೀವಂತ ಹೂತ ಹೆಣ್ಣು ಕೂಸನ್ನು ಯಾವ ತಪ್ಪಿಗೆ ನಿನ್ನನ್ನು ಕೊಂದರು ಅಂತ ಕೇಳುವ ದಿನ ಬರುತ್ತದೆ. 93ರಲ್ಲಿ, ಅನಾಥನ ಮೇಲೆ ದಬ್ಬಾಳಿಕೆ ಮಾಡಬೇಡ, ಬೇಡಿ ಬಂದವನನ್ನು ಗದರಬೇಡ.

ಇನ್ನೊಂದು ವಿಷಯ. ಸಣ್ಣ ಹಳ್ಳಿಗಳ ಎಷ್ಟೋ ಮಸೀದಿಗಳಿಗೆ ಹಾಫಿಜ್ ಸಿಗುವುದಿಲ್ಲ. ಅಲ್ಲಿ ಕೊನೆಯ ಹತ್ತು ಪುಟ್ಟ ಸೂರಾಗಳನ್ನೇ, 105ರಿಂದ 114ರವರೆಗೆ, ರಕಾತ್‌ಗೆ ಒಂದರಂತೆ ಎರಡು ಸುತ್ತು ಓದಿ 20 ರಕಾತ್ ಮುಗಿಸುತ್ತಾರೆ. ಅದಕ್ಕೆ ಅಲಂತರ ತರಾವೀಹ್ ಅನ್ನುತ್ತಾರೆ, ಪೇಟೆಯವರು ಸ್ವಲ್ಪ ತಾತ್ಸಾರದಿಂದಲೇ ಅನ್ನುತ್ತಾರೆ. ಆದರೆ ಅದರಲ್ಲಿ 107ನೇ ಸೂರಾ ಇದೆ. ಧರ್ಮವನ್ನು ಸುಳ್ಳೆನ್ನುವವನು ಯಾರು? ಅನಾಥನನ್ನು ತಳ್ಳುವವನು, ಬಡವನಿಗೆ ಊಟ ಹಾಕಿ ಅಂತ ಯಾರಿಗೂ ಹೇಳದವನು. ಆಮೇಲೆ, ನಮಾಜ್ ಮಾಡುವವರಿಗೆ ಕೇಡು, ಯಾವ ನಮಾಜಿಗಳಿಗೆ ಅಂದರೆ ಅದರ ಕಡೆ ಗಮನ ಇಲ್ಲದವರಿಗೆ, ತೋರಿಕೆಗೆ ಮಾಡುವವರಿಗೆ, ಕೈಬದಲು ಕೊಡುವ ಸಣ್ಣ ಸಾಮಾನೂ ನೆರೆಯವರಿಗೆ ಕೊಡದವರಿಗೆ. ಹಳ್ಳಿಯವರು ಇದನ್ನು ತಿಂಗಳಿಡೀ ಪ್ರತಿ ರಾತ್ರಿ ಎರಡು ಸಲ ಕೇಳುತ್ತಾರೆ. ನಾವು ಪೇಟೆಯವರು ತಿಂಗಳಿಗೆ ಒಂದೇ ಸಲ. ಯಾರದು ಸಣ್ಣ ತರಾವೀಹ್ ಅಂತ ನನಗಂತೂ ಅನುಮಾನ.

ಓದಬೇಕು ಅನ್ನುವವರು ಯಾವುದರಿಂದ ಶುರು ಮಾಡಲಿ ಅಂತಲೂ ಕೇಳುತ್ತಾರೆ. ಮೊದಲ ಪುಟದಿಂದ ಶುರು ಮಾಡಿದರೆ ಅಲ್ ಬಕರಾದ ನಡುವೆ ಎಲ್ಲೋ ನಿಂತುಬಿಡುತ್ತೀರಿ, ಎಷ್ಟೋ ಜನರಿಗೆ ಹಾಗೇ ಆಗಿದೆ. ಹಿಂದಿನಿಂದ ಬನ್ನಿ. ಕೊನೆಯ ಪಾರಾದ ಪುಟ್ಟ ಸೂರಾಗಳು, ಆಮೇಲೆ 12, ಯೂಸುಫ್ ಕತೆ, ಆಮೇಲೆ 49, ಅದರಲ್ಲಿ ಚಾಡಿ, ಗೇಲಿ, ಗುಮಾನಿ ಬಗ್ಗೆ ಇದೆ, ಒಂದೇ ಸಲ ಕೂತು ಓದಿದರೆ ಮುಗಿಯುತ್ತದೆ. ನೀವೂ ನನ್ನ ಹಾಗೆ ಖಾತೆ ಬರೆಯುವವರಾದರೆ ಇದೆಲ್ಲ ಬಿಟ್ಟು ನೇರ 2ರ 282ಕ್ಕೆ ಹೋಗಿ. ಓದಿ, ನಿಮ್ಮ ಸಾಹುಕಾರರಿಗೂ ಓದಿ ಹೇಳಿ.