ಹೆಬ್ಬಾಳಕ್ಕೆ ಹೋಗಲಿಲ್ಲ

ನಮ್ಮದು ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ ಗಡಿಯಂಚಿನ ಹಳ್ಳಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ ಸ್ಟ್ಯಾಂಡಿನಲ್ಲಿ ಉರ್ದು. ದನದ ಡಾಕ್ಟರಾಗಬೇಕೆಂದರೆ 1958ರಲ್ಲಿ ಶುರುವಾದ ಹೆಬ್ಬಾಳದ ಕಾಲೇಜೊಂದೇ ಗತಿ, ಬೀದರಿನಿಂದ ಸುಮಾರು 700 ಕಿಲೋಮೀಟರ್. ಹೈದರಾಬಾದ್ ಹತ್ತಿರವೇನೋ ಹೌದು, ಆದರೆ 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದು ಪರರಾಜ್ಯ. "ದನಾ ನೋಡೋದು ಕಲೀಲಿಕ್ಕೆ ಬೆಂಗಳೂರಿಗಿ ಹೋಗ್ತಾನಂತ!" ಅಂತ ಅಪ್ಪ ಓಣಿಗೆಲ್ಲ ಹೇಳಿ ನಗುತ್ತಿದ್ದ.

1980ರ ದಶಕದಲ್ಲಿ ಬೀದರಿನಲ್ಲೇ ಪಶುವೈದ್ಯಕೀಯ ಕಾಲೇಜು ಆಗುತ್ತದೆಂಬ ಸುದ್ದಿ ಬಂದಾಗ ಊರಲ್ಲಿ ಯಾರೂ ನಂಬಲಿಲ್ಲ. ನೌಕರರಿಗೆ ಶಿಕ್ಷೆ ಕೊಡಬೇಕಾದಾಗ ವರ್ಗ ಮಾಡುವ ಊರು ನಮ್ಮದು, ಇಲ್ಲಿಗೆ ಕಾಲೇಜು ಯಾರು ಕೊಡುತ್ತಾರೆ? (ಆ ಶಿಕ್ಷೆಯ ಮಾತು ಈಗಲೂ ನಿಂತಿಲ್ಲ. ಕೇಳಿದರೆ ನನಗೆ ಸಿಟ್ಟು ಬರುವುದೂ ನಿಂತಿಲ್ಲ.) ಅಂತೂ ಕಾಲೇಜು ಬಂತು, ನನಗೆ ಸೀಟೂ ಸಿಕ್ಕಿತು.

ತಳಿಗಳ ಪಾಠದಲ್ಲಿ ದೇವಣಿ ದನದ ಮೂರು ಬಗೆ ಬಾಯಿಪಾಠ ಮಾಡಿದ್ದೆವು: ಪೂರ್ತಿ ಬಿಳಿ ಇದ್ದರೆ ಬಾಳಂಕ್ಯಾ, ಮುಖದ ಎರಡೂ ಮಗ್ಗುಲು ಕಪ್ಪಿದ್ದರೆ ವಾನೇರಾ, ಮೈಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆ ಇದ್ದರೆ ಶೇವೆರಾ. ಒಂದಿನ ಆಸ್ಪತ್ರೆಗೆ ಒಬ್ಬ ಮುತ್ಯಾ ಎತ್ತು ಹೊಡೆದುಕೊಂಡು ಬಂದ. ನಾನು ಹಿಂದಿನಿಂದಲೇ ನೋಡಿ "ಬಾಳಂಕ್ಯಾ" ಅಂದೆ. ಮುತ್ಯಾ ಮೂಗುದಾರ ಹಿಡಿದು ಎತ್ತಿನ ಮೋರೆ ನನ್ನ ಕಡೆ ತಿರುಗಿಸಿದ. "ತಮ್ಮಾ, ಮಾರಿ ನೋಡಿ ಹೆಸರು ಹೇಳು. ಮಂಗ್ಯಾನ ಹಂಗ ಕಪ್ಪು ಅದ ಇಲ್ಲ?" ಸರ್ ಆಚೆ ನಿಂತು ನಗುತ್ತಿದ್ದರು. ದೇವಣಿ ಊರು ಈಗ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿದೆ. 1956ಕ್ಕೆ ಮೊದಲು ಉದಗೀರದ ಆ ಸೀಮೆಯೆಲ್ಲ ಬೀದರ್ ಜಿಲ್ಲೆಯೇ. ಗೆರೆ ಎಳೆದವರು ದನಗಳನ್ನು ಕೇಳಲಿಲ್ಲ, ನಮ್ಮ ಕೊಟ್ಟಿಗೆಗಳಲ್ಲಿ ದೇವಣಿ ಉಳಿಯಿತು.

ಮರೆಯಲಾಗದ್ದು ಒಂದು ಶ್ರಾವಣ. ಮಳೆ ಕೈಕೊಟ್ಟು ಜೋಳ ಮೊಣಕಾಲೆತ್ತರಕ್ಕೇ ಬಾಡಿ ನಿಂತಿತ್ತು. ಸಂಜೆ ಒಂದು ಬಂಡಿ ಬಂತು, ಮೇಲೆ ಎರಡು ಹಸು ಅಡ್ಡಬಿದ್ದಿದ್ದವು. ಹಗ್ಗ ಕಿತ್ತುಕೊಂಡು ಹೋಗಿ ಆ ಎಳೆ ಜೋಳ ಮೇದಿದ್ದವಂತೆ. ಒಂದು ಬಾಯಿ ತೆರೆದು ಏದುತ್ತಿತ್ತು, ಕಟವಾಯಿಯಲ್ಲಿ ನೊರೆ. ಸರ್ ಕಣ್ಣಿನ ರೆಪ್ಪೆ ಕೆಳಗೆ ಎಳೆದು ತೋರಿಸಿದರು: ಒಳಗೆ ಕಡುಗೆಂಪು. ಎಳೆ ಜೋಳದಲ್ಲಿ ಸಯನೈಡ್ ಹುಟ್ಟುತ್ತದೆ, ನೆತ್ತರಲ್ಲಿ ಆಮ್ಲಜನಕ ಇದ್ದರೂ ಮೈಯ ಜೀವಕೋಶಗಳು ಅದನ್ನು ಬಳಸಲಾರವು, ಅದಕ್ಕೇ ಅಷ್ಟು ಕೆಂಪು. ಪುಸ್ತಕದಲ್ಲಿ ಓದಿದ್ದೆ. ಆದರೆ ಉಸಿರು ಸಿಗದೆ ಒದ್ದಾಡುವ ದನದ ನೆತ್ತರು ಅಷ್ಟು ಕೆಂಪಗಿರುವುದನ್ನು ಕಣ್ಣಾರೆ ಕಂಡಾಗ ಹೊಟ್ಟೆಯೊಳಗೆ ತಣ್ಣಗಾಯಿತು. ನಾನು ತಲೆ ಒತ್ತಿ ಹಿಡಿದೆ. ಸರ್ ಕುತ್ತಿಗೆಯ ರಕ್ತನಾಳಕ್ಕೆ ಮೊದಲು ಸೋಡಿಯಂ ನೈಟ್ರೈಟ್, ಬೆನ್ನಿಗೇ ಥಯೋಸಲ್ಫೇಟ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಏದುಸಿರು ಇಳಿಯಿತು. ಆಮೇಲೆ ನನ್ನ ಕೈಯನ್ನೇ ತಳ್ಳಿ ತಲೆ ಎತ್ತಿತು.

"ಅದಕ್ಕೂ ಒಂದು ಸೂಜಿ ಹಾಕ್ರಿ ಸಾಹೇಬ್ರ," ಎಂದು ಬಂಡಿ ತಂದ ಕಾಕಾ ಇನ್ನೊಂದರ ಕಡೆ ಕೈ ತೋರಿಸಿದ. ಅದು ದಾರಿಯಲ್ಲೇ ಸತ್ತಿತ್ತು. ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಉಳಿದದ್ದು ಓದು, ಪರೀಕ್ಷೆ, ನೌಕರಿ. ಕಾಲೇಜು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು. 2004ರ ಕಾಯ್ದೆಯಿಂದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿ, ಬೀದರಿನ ನಂದಿನಗರವೇ ಅದರ ಕೇಂದ್ರವಾಯಿತು. ಹೆಬ್ಬಾಳದ ಕಾಲೇಜೂ ಅದರ ಕೆಳಗೆ ಬಂತು.

ಅಪ್ಪನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಂದ್ರ ಈಗ ಹೆಬ್ಬಾಳದವ್ರು ಇಲ್ಲಿಗಿ ಬರಬೇಕಲ್ಲ?"

"ಕಾಗದಪತ್ರಕ್ಕ ಬರಬೇಕಪ್ಪಾ."

"ಬರ್ಲಿ, ಬರ್ಲಿ," ಎನ್ನುತ್ತ ಎತ್ತಿಗೆ ಕಣಕಿ ಹಾಕಲು ಎದ್ದುಹೋದ.