ಒಡೆದ ಹಲಗೆಗಳೂ ಅದೇ ಮಂಜೂಷದಲ್ಲಿ

ಗುರುವಾರ, 6 ಅಕ್ಟೋಬರ್ 2022
ಜೆರುಸಲೇಮ್

ನಿನ್ನೆ ರಾತ್ರಿ ಯೋಮ್ ಕಿಪ್ಪೂರ್ ಮುಗಿಯಿತು. ಯೆಹೂದ್ಯರಿಗೆ ವರ್ಷದ ಅತಿ ದೊಡ್ಡ ಉಪವಾಸ ಇದು. ಮಂಗಳವಾರ ಸಂಜೆಯಿಂದ ಸುಮಾರು 25 ಗಂಟೆ ಅವರು ನೀರೂ ಕುಡಿಯುವುದಿಲ್ಲ. ಅಂಗಡಿಗಳೆಲ್ಲ ಮುಚ್ಚಿದ್ದವು, ಬಸ್ಸೂ ಇರಲಿಲ್ಲ. ಮಕ್ಕಳು ನಡುರಸ್ತೆಯಲ್ಲೇ ಸೈಕಲ್ ಬಿಡುತ್ತಿದ್ದರು.

ನಾನು ನೋಡಿಕೊಳ್ಳುವ ಅಜ್ಜಿಗೆ 88 ವರ್ಷ, ಮರೆವಿನ ಕಾಯಿಲೆ. ಮಗಳ ಹೆಸರೇ ಎಷ್ಟೋ ದಿನ ನೆನಪಿರುವುದಿಲ್ಲ. ಆದರೆ ನಿನ್ನೆ ಬೆಳಿಗ್ಗೆ ಮೊಸರಿನ ಬಟ್ಟಲು ಹಿಡಿದು ಹೋದರೆ ಬಾಯಿ ಬಿಗಿದು ಕೂತುಬಿಟ್ಟರು. ಉಪವಾಸ ಅಂತ ಅವರಿಗೆ ಗೊತ್ತಿತ್ತು! ಹಿಂದಿನ ಸಂಜೆ ಎಲ್ಲರೂ ಬಿಳಿ ಬಟ್ಟೆ ಹಾಕಿದ್ದನ್ನು ನೋಡಿಯೇ ತಿಳಿದಿರಬೇಕು.

ಮಗಳು ಮೊದಲೇ ಡಾಕ್ಟರ ಹತ್ತಿರವೂ ರಬ್ಬಿಯ, ಅಂದರೆ ಯೆಹೂದ್ಯ ಧರ್ಮಗುರುವಿನ, ಹತ್ತಿರವೂ ಕೇಳಿಟ್ಟಿದ್ದಳು. ರಬ್ಬಿ ಹೇಳಿದ್ದು ನನಗೆ ತುಂಬಾ ಹಿಡಿಸಿತು. "ತಿಂದರೂ ಪರವಾಗಿಲ್ಲ" ಅಂತ ಅವರು ಹೇಳಲಿಲ್ಲ. ಈ ದಿನ ತಿನ್ನುವುದೇ ಅಮ್ಮನ ಪಾಲಿಗೆ ದೇವರ ಆಜ್ಞೆ ಅಂದರು. ಜೀವ ಉಳಿಸುವುದು ಉಪವಾಸಕ್ಕಿಂತ ದೊಡ್ಡದು. ರೋಗಿಯೇ "ನನಗೆ ಊಟ ಬೇಕು" ಅಂದರೆ, ನೂರು ವೈದ್ಯರು ಬೇಡ ಅಂದರೂ ರೋಗಿಯ ಮಾತೇ ನಡೆಯಬೇಕು ಅನ್ನುವಷ್ಟು ಇವರ ಹಳೆಯ ಗುರುಗಳು ಮುಂದೆ ಹೋಗಿದ್ದಾರೆ. ಸ್ವಲ್ಪ ಸ್ವಲ್ಪ ತಿಂದರೆ ಸಾಕಾಗುವವರಿಗೆ ಒಂದು ಕ್ರಮವೂ ಉಂಟು. ಒಂದು ಸಲಕ್ಕೆ 30 ಮಿಲಿಲೀಟರಿಗಿಂತ ಕಡಿಮೆ, ಆಮೇಲೆ 9 ನಿಮಿಷ ಬಿಡುವು. ಮಗಳು ಕಿವಿಯ ಹತ್ತಿರ ಬಾಗಿ, "ಇಮಾ, ನೀನು ತಿನ್ನಲೇಬೇಕಂತೆ, ರಬ್ಬಿ ಹೇಳಿದ್ದಾರೆ" ಅಂದಳು. ಅಜ್ಜಿ ಬಾಯಿ ತೆರೆದರು. ಮಧ್ಯಾಹ್ನದ ತನಕ ನಾವಿಬ್ಬರೂ ಗಡಿಯಾರ ನೋಡಿಕೊಂಡು ಚಮಚ ಚಮಚವಾಗಿ ತಿನ್ನಿಸಿದೆವು. ಮಗಳು ಸ್ವತಃ ಒಂದು ತೊಟ್ಟು ನೀರೂ ಮುಟ್ಟಿರಲಿಲ್ಲ.

ಮಂಗಳವಾರ ಸಂಜೆ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಸಿನಗಾಗ್‌ಗೆ, ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ, ಕರೆದುಕೊಂಡು ಹೋಗಿದ್ದೆ. ಅಲ್ಲಿ ಒಂದು ಪ್ರಾರ್ಥನೆ ಬಂತು. ಗ್ರಂಥದ ಪೆಟ್ಟಿಗೆ ತೆರೆಯುತ್ತಾರೆ. ಒಬ್ಬರು ಒಂದು ಸಾಲು ಹೇಳುತ್ತಾರೆ, ಉಳಿದವರೆಲ್ಲ ಅದನ್ನೇ ಹೇಳುತ್ತಾರೆ. "ಮುಪ್ಪಿನಲ್ಲಿ ನಮ್ಮನ್ನು ತಳ್ಳಿಬಿಡಬೇಡ, ಬಲ ಕುಂದಿದಾಗ ಕೈಬಿಡಬೇಡ." ನಮ್ಮ ಇಗರ್ಜಿಯಲ್ಲೂ ಕೇಳಿದ, ಬೈಬಲಿನ 71ನೇ ಕೀರ್ತನೆಯ ಮಾತು. ಕೀರ್ತನೆಯಲ್ಲಿ ಅದು ಒಬ್ಬನೇ ಮುದುಕನ ಮೊರೆ. ಇಲ್ಲಿ ಎಲ್ಲರೂ ಸೇರಿ ಹೇಳುತ್ತಾರೆ. ಇನ್ನೂ ಮೀಸೆ ಚಿಗುರದ ಹುಡುಗರು, ಕಂಕುಳಲ್ಲಿ ಮಗು ಇಟ್ಟುಕೊಂಡ ತಾಯಂದಿರು, ಎಲ್ಲರೂ ಗಟ್ಟಿಯಾಗಿ. ಮುಪ್ಪು ಅಲ್ಲಿ ಬೇರೆ ಯಾರದೋ ಸಮಸ್ಯೆ ಆಗಿರಲಿಲ್ಲ. ನನಗೆ ಶಿರ್ವದಲ್ಲಿರುವ ಅಮ್ಮ ನೆನಪಾದರು. ಅವರನ್ನು ಅತ್ತಿಗೆ ನೋಡಿಕೊಳ್ಳುತ್ತಾರೆ, ನಾನು ಇಲ್ಲಿ ಇನ್ನೊಬ್ಬರ ಅಮ್ಮನನ್ನು ನೋಡಿಕೊಳ್ಳುತ್ತೇನೆ. ಮಂಗಳೂರು, ಉಡುಪಿ ಕಡೆಯಿಂದ ಈ ಕೆಲಸಕ್ಕೆ ಬಂದ ಎಲ್ಲರ ಮನೆಯ ಕಥೆಯೂ ಹೆಚ್ಚು ಕಡಿಮೆ ಇದೇ. ಆ ಸಾಲನ್ನು ನಾನೂ ಕನ್ನಡದಲ್ಲಿ ಹೇಳಿಕೊಂಡೆ.

ಈ ಮನೆಯ ಮಗಳಿಗೂ 65 ದಾಟಿದೆ. ಅವಳು ತನ್ನ ಮುಪ್ಪಿನ ಬಗ್ಗೆ ಜಾಸ್ತಿ ಯೋಚಿಸುತ್ತಾಳೆ. ಝಲ್ಮಾನ್ ಶಾಖ್ಟರ್ ಶಲೋಮಿ ಅನ್ನುವ ರಬ್ಬಿಯ ವಿಷಯ ಹೇಳಿದ್ದು ಅವಳೇ. 1924ರಲ್ಲಿ ಪೋಲೆಂಡಿನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಬೆಳೆದು, ನಾಜಿಗಳಿಂದ ತಪ್ಪಿಸಿಕೊಂಡು 1941ರಲ್ಲಿ ಅಮೆರಿಕ ಸೇರಿದವರು. ಅರವತ್ತು ಹತ್ತಿರ ಬಂದಾಗ ಅವರಿಗೆ ಮಂಕು ಕವಿಯಿತು. 1984ರಲ್ಲಿ ನ್ಯೂ ಮೆಕ್ಸಿಕೋದಲ್ಲಿ 40 ದಿನ ಏಕಾಂತದಲ್ಲಿ ಇದ್ದು ಬಂದರು. ಆಮೇಲೆ ಮುಪ್ಪಿಗೇ ಒಂದು ಸಾಧನೆಯ ದಾರಿ ಕಟ್ಟಿದರು. ಆಯುಷ್ಯವನ್ನು ಒಂದು ವರ್ಷದ ಹಾಗೆ ನೋಡಿ, ಒಂದೊಂದು ತಿಂಗಳಿಗೆ ಏಳೇಳು ವರ್ಷ ಅಂದರು. ಅರವತ್ತಮೂರು ಆದ ಮೇಲೆ ಅಕ್ಟೋಬರ್, ನವೆಂಬರ್, ಡಿಸೆಂಬರ್. ಆ ತಿಂಗಳುಗಳಿಗೂ ಕೆಲಸ ಉಂಟು: ನಡೆದು ಬಂದ ದಾರಿ ತಿರುಗಿ ನೋಡುವುದು, ಹಳೆ ಜಗಳ ಬಗೆಹರಿಸುವುದು, ಕ್ಷಮಿಸುವುದು, ಕಲಿತದ್ದನ್ನು ಕಿರಿಯರ ಕೈಗೆ ಕೊಡುವುದು, ಸಾವಿನ ಬಗ್ಗೆ ಹೆದರದೆ ಮಾತಾಡುವುದು. ಅವರು 2014ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಮಗಳು ಒಂದು ನೋಟ್‌ಬುಕ್ಕಿನಲ್ಲಿ ಮೊಮ್ಮಕ್ಕಳಿಗಾಗಿ ಬರೆಯುತ್ತಿದ್ದಾಳೆ. ಆಸ್ತಿಯದಲ್ಲ, ಬದುಕಿನಲ್ಲಿ ಕಲಿತದ್ದರ ಉಯಿಲು. ಈ ಪದ್ಧತಿ ಯೆಹೂದ್ಯರಲ್ಲಿ ನೂರಾರು ವರ್ಷಗಳಿಂದ ಉಂಟು.

ಒಳ್ಳೆಯ ದಾರಿ. ನನಗೂ ಆ ವಯಸ್ಸು ಬಂದಾಗ ಬೇಕಾಗುತ್ತದೆ. ಆದರೆ ಅದು ನೆನಪು ಇರುವವರ ದಾರಿ, ಅಲ್ವಾ? ತಿರುಗಿ ನೋಡಲು ಏನೂ ಉಳಿಯದವರು ಏನು ಮಾಡಬೇಕು? ಯಾರ ಮೇಲೆ ಸಿಟ್ಟಿತ್ತು ಅನ್ನುವುದೇ ಮರೆತವರು ಯಾರನ್ನು ಕ್ಷಮಿಸಬೇಕು? ಅಜ್ಜಿ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಈಗ ಕೊಡಲು ಅವರ ಹತ್ತಿರ ಏನಿದೆ?

ನಿನ್ನೆ ಮಧ್ಯಾಹ್ನ ಇದನ್ನೇ ಮಗಳ ಹತ್ತಿರ ಕೇಳಿದೆ. ಅವಳು ತಾಲ್ಮೂದಿನ, ಅಂದರೆ ಇವರ ಹಳೆಯ ಗುರುಗಳ ಮಾತುಗಳ ಗ್ರಂಥದ, ಮಾತೊಂದು ಹೇಳಿದಳು. ಮೂರನೇ ಶತಮಾನದಲ್ಲಿ ಲೋದ್ ಊರಿನಲ್ಲಿದ್ದ ರಬ್ಬಿ ಯೆಹೋಶುವಾ ಬೆನ್ ಲೇವಿ ತನ್ನ ಮಕ್ಕಳಿಗೆ ಹೇಳಿದ್ದು. ತನ್ನದಲ್ಲದ ತಪ್ಪಿಗೆ ಕಲಿತದ್ದನ್ನೆಲ್ಲ ಮರೆತ ಮುದುಕನ ವಿಷಯದಲ್ಲಿ ಎಚ್ಚರವಾಗಿರಿ, ಯಾಕೆಂದರೆ ದೇವರ ಆಜ್ಞೆ ಬರೆದ ಇಡಿಯ ಹಲಗೆಗಳೂ ಒಡೆದ ಹಲಗೆಗಳೂ ಒಂದೇ ಮಂಜೂಷದಲ್ಲಿ, ಪವಿತ್ರ ಪೆಟ್ಟಿಗೆಯಲ್ಲಿ, ಇದ್ದವು.

ಮೋಶೆಯ ಕಥೆ ನನಗೆ ಚಿಕ್ಕಂದಿನಿಂದ ಗೊತ್ತು. ಸಿನಾಯಿ ಬೆಟ್ಟದಿಂದ ಕಲ್ಲಿನ ಹಲಗೆಗಳನ್ನು ತಂದರು, ಜನ ಚಿನ್ನದ ಹೋರಿಕರುವಿನ ಸುತ್ತ ಕುಣಿಯುವುದನ್ನು ಕಂಡು ಎಸೆದು ಒಡೆದರು, ಆಮೇಲೆ ಹೊಸ ಹಲಗೆ ಬಂತು. ಒಡೆದ ಚೂರು ಏನಾಯಿತು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಇವರ ಗುರುಗಳು ಕೇಳಿದ್ದಾರೆ. ಬೈಬಲಿನ ಧರ್ಮೋಪದೇಶಕಾಂಡದ ಹತ್ತನೇ ಅಧ್ಯಾಯದ ಒಂದು ಸಾಲು ಹಿಡಿದು, ಆ ಚೂರುಗಳನ್ನೂ ಹೆಕ್ಕಿ ಮಂಜೂಷದಲ್ಲೇ ಇಟ್ಟರು ಅಂತ ಓದಿದ್ದಾರೆ. ಮರುಭೂಮಿಯಲ್ಲಿ ಅಷ್ಟು ವರ್ಷ ಹೊತ್ತದ್ದು ಎರಡನ್ನೂ. ಓದಲು ಆಗದ ಅಕ್ಷರ, ಯಾವ ಉಪಯೋಗಕ್ಕೂ ಇಲ್ಲದ ಭಾರ. ಆದರೂ ಅದಕ್ಕೆ ಬೇರೆ ಪೆಟ್ಟಿಗೆ ಮಾಡಲಿಲ್ಲ, ಹಿಂದೆ ಬಿಟ್ಟು ಬರಲೂ ಇಲ್ಲ.

ನನ್ನ ಪ್ರಶ್ನೆ ತಪ್ಪಿದ್ದು ಎಲ್ಲಿ ಅಂತ ಅದರಿಂದ ಗೊತ್ತಾಯಿತು. ಕೊಡಲು ಏನಾದರೂ ಇದ್ದರೆ ಮಾತ್ರ ಮುಪ್ಪಿಗೆ ಅರ್ಥ ಅಂದುಕೊಂಡಿದ್ದೆ. ಒಡೆದ ಹಲಗೆ ಏನೂ ಕೊಡುವುದಿಲ್ಲ. ಅದರ ಮೇಲೆ ಒಮ್ಮೆ ದೇವರು ಬರೆದಿದ್ದಾನೆ, ಅಷ್ಟು ಸಾಕು. ಹೊರುವ ಕೆಲಸ ಉಳಿದವರದು. ನಾನು ದಿನಾ ಅಜ್ಜಿಯನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವುದೂ ಅದೇ ಕೆಲಸ ಅಂತ ನಾನು ನಂಬುತ್ತೇನೆ.

ನಾಡಿದ್ದು ಶನಿವಾರ ನನಗೆ ರಜೆ. ಪೂಜೆ ಮುಗಿಸಿ ನಮ್ಮೂರಿನವರೆಲ್ಲ ಸೇರುತ್ತೇವೆ. ಅವರಲ್ಲಿ ಒಬ್ಬಳು ನೋಡಿಕೊಳ್ಳುವ ಅಜ್ಜನಿಗೂ ಇದೇ ಕಾಯಿಲೆ. ರಾತ್ರಿಯೆಲ್ಲ ನಿದ್ದೆ ಇಲ್ಲದೆ ಅವಳು ಸೋತುಹೋಗಿದ್ದಾಳೆ. ಅವಳಿಗೆ ಈ ಹಲಗೆಗಳ ವಿಷಯ ಹೇಳಬೇಕು. ಸುಮ್ನೆ ಕಥೆ ಹೇಳಿದರೆ ದಣಿವು ಹೋಗುವುದಿಲ್ಲ. ಅವಳ ಮನೆಯವರು ಒಪ್ಪಿದರೆ ಮುಂದಿನ ರಜೆಯ ರಾತ್ರಿ ಅಜ್ಜನ ಹತ್ತಿರ ನಾನು ಇರುತ್ತೇನೆ, ನೀನು ಮಲಗು ಅಂತಲೂ ಹೇಳಬೇಕು.